ಸಂತರ ಚರಿತ್ರೆ ಓದಿದರೆ ನನ್ನ ವಿಶ್ವಾಸವೇ ಸಣ್ಣದು ಅನಿಸುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ 41 ವರ್ಷ. ಮೈಸೂರಿನವಳು, ಕೆಥೋಲಿಕ್ ಮನೆತನ. ಶಾಲೆಯಲ್ಲಿ ಕೆಲಸ, ಇಬ್ಬರು ಮಕ್ಕಳು, ಮನೆಯಲ್ಲಿ ಹಾಸಿಗೆ ಹಿಡಿದ ಮಾವ. ಎರಡು ವರ್ಷದಿಂದ ನನ್ನ ಪ್ರಾರ್ಥನೆ ಒಣಗಿಹೋಗಿದೆ. ರಾತ್ರಿ ಜಪಸರ ಕೈಗೆ ತಗೊಂಡರೆ ನಿದ್ದೆ ಬರುತ್ತದೆ, ಇಲ್ಲವೇ ನಾಳೆಯ ತಿಂಡಿಯ ಯೋಚನೆ. ಭಾನುವಾರದ ಪೂಜೆ ತಪ್ಪಿಸುವುದಿಲ್ಲ, ಆದರೆ ಒಳಗೆ ಏನೂ ಅನಿಸುವುದಿಲ್ಲ. ಅಮ್ಮನ ಹತ್ತಿರ ಹೇಳಿಕೊಂಡೆ. ಸಂತರ ಚರಿತ್ರೆ ಓದು, ವಿಶ್ವಾಸ ತಾನಾಗಿ ಚಿಗುರುತ್ತದೆ ಎಂದು ಹಳೆಯ ಪುಸ್ತಕವೊಂದನ್ನು ಕೊಟ್ಟರು. ಓದಿ ಇನ್ನೂ ಕುಗ್ಗಿಹೋದೆ. ಸಂತ ನಿಕೊಲಾಸರು ಹಸುಗೂಸಾಗಿದ್ದಾಗಲೇ ಬುಧವಾರ, ಶುಕ್ರವಾರ ತಾಯಿಯ ಹಾಲನ್ನು ಒಂದೇ ಹೊತ್ತು ಕುಡಿದು ಉಪವಾಸ ಮಾಡುತ್ತಿದ್ದರಂತೆ. ನಾನು ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಒಂದು ಶುಕ್ರವಾರವನ್ನೂ ಸಿಡುಕದೆ ಕಳೆಯಲಾರೆ. ಎಂಟನೇ ಕ್ಲಾಸಿನ ಮಗಳು, “ಫಿಲೋಮಿನಮ್ಮನ ಕಥೆ ಸುಳ್ಳಂತೆ, ವ್ಯಾಟಿಕನ್ ಅವರನ್ನು ತೆಗೆದುಹಾಕಿದೆಯಂತೆ, ಮತ್ತೆ ನಾವ್ಯಾಕೆ ಅವರ ಹೆಸರಿನ ಚರ್ಚಿಗೆ ಹೋಗೋದು?” ಎಂದು ಕೇಳುತ್ತಾಳೆ. ಅತ್ತಿಗೆ ಸಿ.ಎಸ್.ಐ. ಎಂಬ ಪ್ರಾಟೆಸ್ಟಂಟ್ ಸಭೆಯವರು. ಸಂತರ ಹಿಂದೆ ಹೋಗುವುದೇ ವಿಗ್ರಹಾರಾಧನೆ ಎನ್ನುತ್ತಾರೆ. ಸಂತರ ಬದುಕಿನಿಂದ ನನ್ನಂಥವಳಿಗೆ ನಿಜವಾಗಿ ಏನಾದರೂ ಸಿಗುತ್ತದಾ? ಅಥವಾ ಬಿಟ್ಟುಬಿಡಲಾ?

ಉತ್ತರ:

ಪ್ರಿಯ ಸಹೋದರಿ,

ಮಗಳು, ಅತ್ತಿಗೆ, ಪುಸ್ತಕ, ಜಪಸರ ಎಲ್ಲವೂ ನಿಮ್ಮ ಪತ್ರದಲ್ಲಿವೆ. ಆದರೆ ಮೂಲದಲ್ಲಿರುವ ಸಂಕಟ ಒಂದೇ. ಬಲ ಕೊಡಬೇಕಾದ ಓದು ನಿಮ್ಮ ಬಲವನ್ನೇ ಹೀರಿತು, ಅದಕ್ಕೆ ತಪ್ಪು ನನ್ನದೇ ಎಂದು ನೀವು ಅಂದುಕೊಂಡಿದ್ದೀರಿ. ಧರ್ಮಸಭೆಯ ಇತಿಹಾಸ ಪಾಠ ಮಾಡುವ ನನಗೆ ಧ್ಯಾನಕೂಟಗಳಲ್ಲಿ ಜನರ ಮಾತು ಕೇಳಲು ಕೂರುವುದೂ ಕೆಲಸ. ಈ ಮಾತನ್ನು ನಾನು ತುಂಬಾ ಜನರ ಬಾಯಲ್ಲಿ ಕೇಳುತ್ತೇನೆ, ಅದರಲ್ಲೂ ಮನೆಯ ಭಾರ ಹೊತ್ತ ಹೆಂಗಸರ ಬಾಯಲ್ಲಿ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ವಿಶ್ವಾಸ ಸಣ್ಣದಾಗಿಲ್ಲ. ನಿಮ್ಮ ಕೈಗೆ ಬಂದ ಪುಸ್ತಕ ಈ ಹೊತ್ತಿಗೆ ನಿಮಗೆ ಹೊಂದುವ ಪುಸ್ತಕವಲ್ಲ, ಅಷ್ಟೇ.

ಸಂತರ ಚರಿತ್ರೆ ಓದಿ ಬದುಕೇ ತಿರುಗಿದವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಲೊಯೋಲಾದ ಇಗ್ನೇಷಿಯಸ್. 1521ರ ಮೇ ತಿಂಗಳಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಅವರ ಕಾಲು ಮುರಿಯಿತು. ಮನೆಗೆ ಹೊತ್ತು ತಂದರು. ಹಾಸಿಗೆಯಲ್ಲಿ ಬಿದ್ದುಕೊಂಡು ಬೇಜಾರಾಗಿ, ವೀರರ ಸಾಹಸದ ಕಥೆಗಳಿದ್ದರೆ ಕೊಡಿ ಎಂದು ಕೇಳಿದರು. ಆ ಮನೆಯಲ್ಲಿ ಅಂಥದ್ದು ಒಂದೂ ಇರಲಿಲ್ಲ. ಸಿಕ್ಕಿದ್ದು ಯೇಸುಸ್ವಾಮಿಯ ಜೀವನದ ಒಂದು ಪುಸ್ತಕ, ಸಂತರ ಕಥೆಗಳ ಒಂದು ಪುಸ್ತಕ. ಬೇರೆ ದಾರಿ ಇಲ್ಲದೆ ಅವನ್ನೇ ಓದಿದರು.

ಆಮೇಲೆ ಅವರು ಗಮನಿಸಿದ್ದು ಬಹಳ ಮುಖ್ಯ. ಅವರ ಮನಸ್ಸು ಎರಡು ಕಡೆ ಹರಿಯುತ್ತಿತ್ತು. ಒಮ್ಮೆ ರಾಜಮನೆತನದ ಹೆಣ್ಣೊಬ್ಬಳನ್ನು ಮೆಚ್ಚಿಸುವ ಹಗಲುಗನಸು. ಇನ್ನೊಮ್ಮೆ ‘ಸಂತ ಫ್ರಾನ್ಸಿಸರು, ಸಂತ ಡೊಮಿನಿಕರು ಮಾಡಿದ್ದನ್ನು ನಾನೂ ಯಾಕೆ ಮಾಡಬಾರದು’ ಎಂಬ ಯೋಚನೆ. ಯೋಚಿಸುವ ಹೊತ್ತಿನಲ್ಲಿ ಎರಡೂ ಖುಷಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಬರಡಾಗುತ್ತಿತ್ತು. ಎರಡನೆಯದು ಮುಗಿದ ಮೇಲೂ ನೆಮ್ಮದಿ ಹಾಗೇ ನಿಲ್ಲುತ್ತಿತ್ತು. ಇದನ್ನು ಗುರುತಿಸಿದ್ದೇ ಅವರ ಹೊಸ ಬದುಕಿನ ಆರಂಭ.

ನಾನು ಎಲ್ಲರಿಗೂ ಕೊಡುವ ಪರೀಕ್ಷೆಯೂ ಇದೇ. ಪುಸ್ತಕ ಮುಚ್ಚಿದ ಮೇಲೆ ನಿಮ್ಮಲ್ಲಿ ಏನು ಉಳಿಯಿತು ನೋಡಿ. ದೇವರ ಕಡೆ ತಿರುಗುವ ಒಂದು ಸಣ್ಣ ಆಸೆ ಉಳಿದರೆ ಆ ಸಂತರು ನಿಮ್ಮವರು. ‘ನನ್ನ ಕೈಯಲ್ಲಿ ಆಗಲ್ಲ, ನಾನು ಕೆಟ್ಟವಳು’ ಎಂಬ ಭಾರ ಮಾತ್ರ ಉಳಿದರೆ ಪುಸ್ತಕ ಪಕ್ಕಕ್ಕಿಡಿ, ಪಾಪವೇನೂ ಅಲ್ಲ. ಆ ಭಾರವನ್ನೇ ಪಶ್ಚಾತ್ತಾಪ ಅಂದುಕೊಳ್ಳುವವರು ಜಾಸ್ತಿ. ನಿಜವಾದ ಪಶ್ಚಾತ್ತಾಪ ಎಷ್ಟೇ ನೋಯಿಸಿದರೂ ದೇವರ ಹತ್ತಿರಕ್ಕೆ ಕರೆದೊಯ್ಯುತ್ತದೆ. ಈ ಭಾರ ದೇವರಿಂದ ಮುಖ ಮರೆಸಿಕೊಳ್ಳುವ ಹಾಗೆ ಮಾಡುತ್ತದೆ.

ಇಗ್ನೇಷಿಯಸರ ಕಥೆಯ ಮುಂದಿನ ಭಾಗವನ್ನು ನಾವು ಸಾಮಾನ್ಯವಾಗಿ ಪ್ರಸಂಗಗಳಲ್ಲಿ ಹೇಳುವುದಿಲ್ಲ, ಹೇಳಲೇಬೇಕು. ಮನ್ರೇಸಾ ಎಂಬ ಊರಿನಲ್ಲಿ ಅವರು ಸಂತರ ಜೊತೆ ಪೈಪೋಟಿಗೇ ಇಳಿದರು. ಕೂದಲು, ಉಗುರು ಬೆಳೆಸಿಬಿಟ್ಟರು. ಮಿತಿ ಮೀರಿ ಉಪವಾಸ ಮಾಡಿದರು. ಪಾಪನಿವೇದನೆ ಮಾಡಿ ಬಂದ ಮೇಲೂ ಏನೋ ಬಿಟ್ಟುಹೋಯಿತು, ಇನ್ನೇನೋ ಮುಚ್ಚಿಟ್ಟೆ ಎಂಬ ಸಂಶಯ ಅವರನ್ನು ತಿನ್ನತೊಡಗಿತು. ಕೊನೆಗೆ ಪ್ರಾಣ ಬಿಡುವ ಯೋಚನೆಯೂ ಬಂದಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಅಲ್ಲಿಂದ ಎದ್ದು ಬಂದ ಮೇಲೆ, ತಾವು ಕಟ್ಟಿದ ಯೇಸುಸಭೆ ಎಂಬ ಗುರುಗಳ ಸಂಘದವರಿಗೆ ಮೈ ಕೆಡಿಸಿಕೊಳ್ಳುವ ಉಪವಾಸ ಬೇಡ ಎಂದು ಬುದ್ಧಿ ಹೇಳಿದರು. ಸಂತರ ಚರಿತ್ರೆಯಿಂದ ಎದ್ದವರೂ ಅವರೇ, ಅದನ್ನು ತಪ್ಪಾಗಿ ಹಿಡಿದುಕೊಂಡು ಬಿದ್ದವರೂ ಅವರೇ.

ಈಗ ನಿಕೊಲಾಸರ ಹಾಲಿನ ಕಥೆಗೆ ಬರೋಣ. ಸಂತ ನಿಕೊಲಾಸರು ನಾಲ್ಕನೇ ಶತಮಾನದಲ್ಲಿ, ಇಂದಿನ ಟರ್ಕಿಯಲ್ಲಿರುವ ಮೈರಾ ಎಂಬ ಊರಿನ ಬಿಷಪರಾಗಿದ್ದವರು. ಈ ಕಥೆ ಅವರು ತೀರಿಕೊಂಡು ಎಷ್ಟೋ ನೂರು ವರ್ಷಗಳಾದ ಮೇಲೆ ಬರೆದ ಚರಿತ್ರೆಗಳಲ್ಲಿ ಸಿಗುತ್ತದೆ. ಆ ಕಾಲದಲ್ಲಿ ಸಂತರ ಬಗ್ಗೆ ಬರೆಯುವುದಕ್ಕೆ ಒಂದು ಅಚ್ಚು ಇತ್ತು. ಹುಟ್ಟುವಾಗ ಒಂದು ಶಕುನ, ತೊಟ್ಟಿಲಲ್ಲೇ ಭಕ್ತಿ, ಒಂದು ದೊಡ್ಡ ಪರೀಕ್ಷೆ, ಪವಾಡ, ಸುಗಂಧ ಬೀರುವ ಸಮಾಧಿ. ಬರೆಯುತ್ತಿದ್ದ ಸನ್ಯಾಸಿಗಳಿಗೆ ಮೋಸದ ಉದ್ದೇಶ ಇರಲಿಲ್ಲ. ಹಬ್ಬದ ದಿನ ಜನರ ಮುಂದೆ ಓದಿದಾಗ ಈ ಮನುಷ್ಯ ದೇವರಿಗೆ ಸೇರಿದವನು ಎಂದು ಕೇಳುವವರಿಗೆ ತಿಳಿಯಬೇಕು, ಅಷ್ಟೇ. ಒಬ್ಬ ಸಂತರ ಘಟನೆಯನ್ನು ಇನ್ನೊಬ್ಬರ ಚರಿತ್ರೆಗೆ ಎರವಲು ತರುವುದೂ ಮಾಮೂಲಾಗಿತ್ತು. ಸಂತ ಜಾರ್ಜರ ಕಥೆಗೆ ಘಟಸರ್ಪ ಸೇರಿಕೊಂಡದ್ದೂ ಅವರ ರಕ್ತಸಾಕ್ಷಿ ಮರಣವಾಗಿ ನೂರಾರು ವರ್ಷಗಳ ನಂತರ.

ಇದನ್ನೆಲ್ಲ ಧರ್ಮಸಭೆಯ ವಿರೋಧಿಗಳು ಕಂಡುಹಿಡಿದರು ಅಂದುಕೊಳ್ಳಬೇಡಿ. ಯೇಸುಸಭೆಯ ಬೊಲಾಂಡಿಸ್ಟರು ಎಂಬ ಪಂಡಿತರ ಬಳಗ 1643ರಿಂದ ಸಂತರ ಹಳೆಯ ದಾಖಲೆಗಳನ್ನು ಜರಡಿ ಹಿಡಿದು ಸಂಪುಟ ಸಂಪುಟವಾಗಿ ಪ್ರಕಟಿಸುತ್ತಾ ಬಂತು. ಯಾವುದು ಚರಿತ್ರೆ, ಯಾವುದು ಆಮೇಲೆ ಸೇರಿದ್ದು ಎಂದು ಬೇರೆ ಮಾಡಿದವರು ನಮ್ಮ ಗುರುಗಳೇ.

ಫಿಲೋಮಿನಮ್ಮನ ವಿಷಯದಲ್ಲಿ ನಿಮ್ಮ ಮಗಳು ಕೇಳಿರುವುದು ಒಳ್ಳೆಯ ಪ್ರಶ್ನೆ. ದಯವಿಟ್ಟು ಬಾಯಿ ಮುಚ್ಚಿಸಬೇಡಿ, ನಡೆದದ್ದನ್ನು ಹೇಳಿ. 1802ರ ಮೇ ತಿಂಗಳಲ್ಲಿ ರೋಮಿನ ಪ್ರಿಸಿಲ್ಲಾ ನೆಲಮಾಳಿಗೆ ಸಮಾಧಿಗಳಲ್ಲಿ ಒಬ್ಬ ಹುಡುಗಿಯ ಮೂಳೆಗಳು ಸಿಕ್ಕವು. ಗೂಡನ್ನು ಮುಚ್ಚಿದ್ದ ಮೂರು ಹೆಂಚುಗಳ ಮೇಲೆ ಲ್ಯಾಟಿನ್ ಅಕ್ಷರಗಳಿದ್ದವು. ಹೆಂಚುಗಳ ಕ್ರಮ ಬದಲಿಸಿ ಓದಿದರೆ ‘ಫಿಲುಮೇನಾ, ನಿನಗೆ ಶಾಂತಿ’ ಎಂದು ಅರ್ಥ ಬರುತ್ತಿತ್ತು. ಮೂಳೆಗಳನ್ನು 1805ರಲ್ಲಿ ನೇಪಲ್ಸ್ ಹತ್ತಿರದ ಮುನ್ಯಾನೊ ಎಂಬ ಊರಿಗೆ ತಂದರು. ಅಲ್ಲಿ ಗುಣವಾದವರ ಸುದ್ದಿ ಹಬ್ಬಿ ಭಕ್ತಿ ಬೆಳೆಯಿತು. ಆದರೆ ನಾವು ಕೇಳಿರುವ ಕಥೆ, ಅಂದರೆ ಗ್ರೀಕ್ ರಾಜಕುಮಾರಿ, ಚಕ್ರವರ್ತಿಯನ್ನು ಮದುವೆಯಾಗಲು ಒಪ್ಪದಿದ್ದದ್ದು, ಲಂಗರು, ಬಾಣಗಳ ಚಿತ್ರಹಿಂಸೆ, ಇವೆಲ್ಲ ಬಂದದ್ದು 1833ರ ಸುಮಾರಿಗೆ ನೇಪಲ್ಸಿನ ಕನ್ಯಾಸ್ತ್ರೀಯೊಬ್ಬರಿಗೆ ಆಯಿತೆನ್ನುವ ದರ್ಶನದಿಂದ. ಬೇರೆ ದಾಖಲೆ ಇಲ್ಲ. ಆ ಹೆಂಚುಗಳೇ ಹಳೆಯ ಸಮಾಧಿಯೊಂದರಿಂದ ತೆಗೆದು ಮತ್ತೆ ಬಳಸಿದವು ಎಂದ ಪುರಾತತ್ವ ತಜ್ಞರೂ ಇದ್ದಾರೆ. ಹಾಗಾಗಿ 1961ರಲ್ಲಿ ರೋಮ್ ಅವರ ಹಬ್ಬವನ್ನು ಪೂಜಾ ಪಂಚಾಂಗದಿಂದ ತೆಗೆಯಿತು. ಖಾಸಗಿಯಾಗಿ ಬೇಡಿಕೊಳ್ಳಬೇಡಿ ಎಂದು ಯಾರೂ ಹೇಳಲಿಲ್ಲ. ಅವರ ಹೆಸರಿನ ಚರ್ಚುಗಳನ್ನು ಮುಚ್ಚಲೂ ಇಲ್ಲ.

ಹಾಗಾದರೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ನಿಮ್ಮ ಊರಿನ ಆ ಚರ್ಚಿಗೆ ಹೋಗುವುದು ಸುಮ್ನೆ ಅಂತಾಗುತ್ತದಾ? ಇಲ್ಲ. ಅಲ್ಲಿ ನಡೆಯುವುದು ಯೇಸುಸ್ವಾಮಿಯ ಬಲಿಪೂಜೆ. ಆ ನೆಲಮಾಳಿಗೆಯಲ್ಲಿ ಹೂತಿಟ್ಟ ಹುಡುಗಿ ಯಾರೋ ಒಬ್ಬಳು ಇದ್ದಳು ಎಂಬುದೂ ನಿಜ. ಇನ್ನೊಂದು ವಿಷಯವನ್ನೂ ಮಗಳಿಗೆ ಹೇಳಿ. ಫಿಲೋಮಿನಮ್ಮನ ದೊಡ್ಡ ಭಕ್ತರಾಗಿದ್ದವರು ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಯ ಗುರು ಜಾನ್ ಮೇರಿ ವಿಯಾನಿ. ಲ್ಯಾಟಿನ್ ತಲೆಗೆ ಹತ್ತದೆ, ಗುರುಗಳಾಗಲು ಓದುವ ಗುರುಮಠದಿಂದ ವಾಪಸ್ ಕಳಿಸಿಕೊಂಡವರು ಅವರು. ಮುಂದೆ ಆ ಪುಟ್ಟ ಹಳ್ಳಿಯ ಪಾಪನಿವೇದನೆಯ ಪೀಠದಲ್ಲಿ ದಿನಕ್ಕೆ ಹತ್ತು ಗಂಟೆಗೂ ಮೀರಿ ಕೂತರು. ತಮ್ಮ ಹತ್ತಿರ ಬಂದವರು ಗುಣವಾದರೆ, ನನ್ನದೇನಿಲ್ಲ, ಎಲ್ಲ ಫಿಲೋಮಿನಮ್ಮನದು ಎನ್ನುತ್ತಿದ್ದರು. ವಿಯಾನಿಯವರ ಬದುಕಿಗೆ ಗಟ್ಟಿ ದಾಖಲೆಗಳಿವೆ. ಮಗಳಿಗೆ ಓದಲು ಯಾರಾದರೂ ಬೇಕಿದ್ದರೆ ಅವರಿಂದಲೇ ಶುರು ಮಾಡಲಿ.

ಇನ್ನು ನಿಮ್ಮ ವಿಷಯ. ನಿಮಗೆ ನಾನು ಹೇಳುವ ಹೆಸರು ಫ್ರಾನ್ಸಿನ ಲಿಸಿಯೂ ಮಠದ ಸಂತ ತೆರೇಸಾ, ನಾವು ಬಾಲ ಯೇಸುವಿನ ತೆರೇಸಮ್ಮ ಎನ್ನುವವರು. ಗುಲಾಬಿ ಹಿಡಿದು ನಗುವ ಆ ಪ್ರತಿಮೆ ನೋಡಿ ನೋಡಿ ನಿಮಗೂ ಸಾಕಾಗಿರಬಹುದು. ಆ ಪ್ರತಿಮೆಯ ಹಿಂದೆ ಬೇರೆಯೇ ಒಬ್ಬ ಹೆಂಗಸಿದ್ದಾರೆ.

ಅವರು ಹುಟ್ಟಿದ್ದು 1873ರ ಜನವರಿ 2ರಂದು. ತಾಯಿ ಝೆಲಿ ಬರೆದ ಕಾಗದಗಳು ಉಳಿದಿವೆ. ಈ ಮಗು ಮಹಾ ಹಟಮಾರಿ, ಬೇಕಾದ್ದು ಸಿಗದಿದ್ದರೆ ನೆಲದ ಮೇಲೆ ಹೊರಳಾಡಿ ಉಸಿರು ಕಟ್ಟುವ ಹಾಗೆ ಅಳುತ್ತದೆ ಎಂದು ಆ ತಾಯಿ ಬರೆಯುತ್ತಾರೆ. ತೊಟ್ಟಿಲಲ್ಲಿ ಉಪವಾಸ ಮಾಡಿದ ಕೂಸಿಗೂ ಇದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ? ತೆರೇಸಾಗೆ ನಾಲ್ಕು ವರ್ಷವಿದ್ದಾಗ ತಾಯಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಆಮೇಲೆ ವರ್ಷಗಟ್ಟಲೆ ಈ ಹುಡುಗಿ ಸಣ್ಣ ಮಾತಿಗೂ ಅಳುತ್ತಿದ್ದಳು, ಅತ್ತದ್ದಕ್ಕೆ ಬೇಜಾರಾಗಿ ಮತ್ತೆ ಅಳುತ್ತಿದ್ದಳು. ಹದಿನೈದಕ್ಕೆ ಕಾರ್ಮೆಲ್ ಮಠ ಸೇರಿದರು. 1897ರ ಸೆಪ್ಟೆಂಬರ್ 30ರಂದು ಕ್ಷಯದಿಂದ ತೀರಿಕೊಂಡಾಗ ವಯಸ್ಸು 24.

ಜಪಸರದ ಬಗ್ಗೆ ಅವರು ಬರೆದದ್ದನ್ನು ನೀವು ಓದಲೇಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೆ ಒಬ್ಬಳೇ ಕೂತು ಜಪಸರ ಮಾಡುವುದು ನನಗೆ ಮೈ ದಂಡಿಸಿಕೊಳ್ಳುವುದಕ್ಕಿಂತ ಕಷ್ಟ, ಎಷ್ಟು ಪ್ರಯತ್ನಪಟ್ಟರೂ ಮನಸ್ಸು ನಿಲ್ಲುವುದಿಲ್ಲ ಎನ್ನುತ್ತಾರೆ. ಏನೂ ತೋಚದಷ್ಟು ಒಣಗಿದಾಗ ಒಂದು ‘ಪರಲೋಕದಲ್ಲಿರುವ ನಮ್ಮ ತಂದೆಯೇ’, ಒಂದು ‘ನಮೋ ಮರಿಯಾ’ ಮಾತ್ರ, ಆದರೆ ನಿಧಾನವಾಗಿ ಹೇಳುತ್ತಿದ್ದರಂತೆ. ಮಠದಲ್ಲಿ ಧ್ಯಾನದ ಹೊತ್ತಿಗೆ ವರ್ಷಗಟ್ಟಲೆ ತೂಕಡಿಸಿದ್ದನ್ನೂ ಮುಚ್ಚಿಡಲಿಲ್ಲ. ಮಕ್ಕಳು ಎದ್ದಿದ್ದರೂ ಮಲಗಿದ್ದರೂ ಹೆತ್ತವರಿಗೆ ಒಂದೇ ಪ್ರೀತಿ ಎಂದು ಸಮಾಧಾನ ಮಾಡಿಕೊಂಡರು. ಧರ್ಮಸಭೆಯ ಆಚಾರ್ಯರು ಎಂಬ ಬಿರುದು 1997ರಲ್ಲಿ ಪಡೆದ ಸಂತರ ಮಾತು ಇದು.

ಮಠದಲ್ಲಿ ಸೇಂಟ್ ಪೀಟರ್ ಎಂಬ ಹೆಸರಿನ ಒಬ್ಬ ವಯಸ್ಸಾದ ಸಿಸ್ಟರ್ ಇದ್ದರು. ಕಾಯಿಲೆ, ನೋವು, ಸಿಡುಕು. ಪ್ರತಿ ಸಂಜೆ ಅವರನ್ನು ಪ್ರಾರ್ಥನಾ ಮಂದಿರದಿಂದ ಊಟದ ಕೋಣೆಗೆ ಕರೆದೊಯ್ಯಬೇಕು. ಯಾರು ಮಾಡಿದರೂ ಅವರಿಗೆ ಸರಿಬರುತ್ತಿರಲಿಲ್ಲ. ತೆರೇಸಾ ತಾನಾಗಿ ಆ ಕೆಲಸ ಕೇಳಿ ತಗೊಂಡರು. ಕೂರುವ ಮಣೆಯನ್ನು ಇಂಥ ರೀತಿಯಲ್ಲೇ ಸರಿಸಬೇಕು. ಹಿಂದಿನಿಂದ ಸೊಂಟಪಟ್ಟಿ ಹಿಡಿದುಕೊಂಡು ಬರಬೇಕು. ಬೇಗ ನಡೆದರೆ ‘ಬೀಳಿಸುತ್ತೀಯಾ’, ನಿಧಾನ ನಡೆದರೆ ‘ನಿನ್ನ ಕೈ ಸಿಗ್ತಿಲ್ಲ, ಬಿಟ್ಟುಬಿಟ್ಟೆ’, ಕೊನೆಗೆ ‘ನೀನು ಚಿಕ್ಕವಳು, ನಿನ್ನಿಂದ ಆಗಲ್ಲ ಅಂತ ಮೊದಲೇ ಹೇಳಿದ್ದೆ’. ಊಟದ ಕೋಣೆ ತಲುಪಿದ ಮೇಲೆ ಕೂರಿಸಿ, ಅವರ ತೋಳಿನ ಬಟ್ಟೆಯನ್ನು ಅವರು ಹೇಳಿದ ಹಾಗೇ ಮಡಿಸಬೇಕು. ಅಲ್ಲಿಗೆ ಕೆಲಸ ಮುಗಿಯಿತು. ಆದರೆ ಆ ಸೊಟ್ಟಗಾದ ಕೈಗಳಿಗೆ ಬ್ರೆಡ್ ಕತ್ತರಿಸಲು ಕಷ್ಟವಾಗುವುದನ್ನು ತೆರೇಸಾ ಕಂಡರು. ಅವತ್ತಿನಿಂದ ಬ್ರೆಡ್ ಕತ್ತರಿಸಿಕೊಟ್ಟು, ಒಂದು ನಗು ನಕ್ಕು ಹೊರಡುತ್ತಿದ್ದರು. ಆ ಅಜ್ಜಿ ಕರಗಿದ್ದು ಬ್ರೆಡ್ಡಿಗಿಂತ ಹೆಚ್ಚಾಗಿ ಆ ನಗುವಿಗೆ ಎಂದು ಅವರಿಗೆ ಆಮೇಲೆ ಗೊತ್ತಾಯಿತು.

ನಿಮ್ಮ ಮಾವ ಹಾಸಿಗೆ ಹಿಡಿದಿದ್ದಾರೆ ಎಂದು ಬರೆದಿದ್ದೀರಿ. ಅವರನ್ನು ಎಬ್ಬಿಸಿ ಕೂರಿಸುವ, ಊಟ ಮಾಡಿಸುವ, ಬೈಸಿಕೊಳ್ಳುವ ಕೆಲಸ ಮನೆಯಲ್ಲಿ ಯಾರ ಪಾಲಿಗೆ ಬಿದ್ದಿರುತ್ತದೆ ಎಂದು ನನಗೆ ಗೊತ್ತು. ಪ್ರಾರ್ಥನೆ ಒಣಗಿದೆ ಎಂದು ಹೇಳುವಾಗ ನೀವು ಈ ಕೆಲಸವನ್ನು ಲೆಕ್ಕಕ್ಕೇ ತಗೊಂಡಿಲ್ಲ. ತೆರೇಸಾ ತಮ್ಮ ಬರಹದಲ್ಲಿ ಲೆಕ್ಕಕ್ಕೆ ತಗೊಂಡದ್ದು ಇಂಥ ಕೆಲಸಗಳನ್ನೇ.

ಕೊನೆಯ ಹದಿನೆಂಟು ತಿಂಗಳು ಇನ್ನೂ ಕಠಿಣ. 1896ರ ಪವಿತ್ರ ಗುರುವಾರದ ರಾತ್ರಿ ಮೊದಲ ಸಲ ರಕ್ತ ಕಾರಿದರು. ಕೆಲವೇ ದಿನಗಳಲ್ಲಿ, ಈಸ್ಟರಿನ ಹೊತ್ತಿಗೆ, ಪರಲೋಕ ಇದೆ ಎಂಬ ಭರವಸೆಯೇ ಒಳಗಿನಿಂದ ಆರಿಹೋಯಿತು. ಆಕಾಶದವರೆಗೆ ಎದ್ದ ಗೋಡೆಯಂತೆ ಕತ್ತಲು ಅವರ ಎದುರು ನಿಂತಿತು. ಪರಲೋಕದ ಸಂತೋಷದ ಬಗ್ಗೆ ಕವಿತೆ ಬರೆಯುತ್ತಿದ್ದಾಗ ಒಳಗೆ ಯಾವ ಸಂತೋಷವೂ ಇರಲಿಲ್ಲ. ತಾನು ನಂಬಲು ಬಯಸುವುದನ್ನು ಮಾತ್ರ ಹಾಡುತ್ತಿದ್ದೇನೆ ಎಂದು ಅವರೇ ಬರೆದಿದ್ದಾರೆ. ಆ ಕತ್ತಲಲ್ಲಿ ವಿಶ್ವಾಸ ಪ್ರಮಾಣವನ್ನು ತನ್ನ ರಕ್ತದಲ್ಲಿ ಬರೆದು ಎದೆಯ ಮೇಲೆ ಇಟ್ಟುಕೊಂಡರು. ಏನೂ ಅನಿಸದಿದ್ದರೂ ಪೂಜೆ ತಪ್ಪಿಸುವುದಿಲ್ಲ ಎಂದು ನೀವು ಒಂದು ಸಾಲು ಬರೆದಿದ್ದೀರಲ್ಲ, ಅದನ್ನು ಓದಿದಾಗ ನನಗೆ ನೆನಪಾದದ್ದು ಇದೇ.

ಇಲ್ಲೊಂದು ಎಚ್ಚರಿಕೆ. ತೆರೇಸಾ ತೀರಿಕೊಂಡ ಮರುವರ್ಷ ಅವರ ಆತ್ಮಕಥೆ ಅಚ್ಚಾದಾಗ, ಅದೇ ಮಠದಲ್ಲಿದ್ದ ಅಕ್ಕ ಪೊಲೀನ್ ಅದನ್ನು ಸಾವಿರಾರು ಕಡೆ ತಿದ್ದಿದ್ದರು. ಇನ್ನೊಬ್ಬ ಅಕ್ಕ ಸೆಲೀನ್ ಅವರ ಫೋಟೋಗಳನ್ನು ತಿದ್ದಿ ಮುಖ ಮೃದು ಮಾಡಿದರು. ತಂಗಿಯ ಮೇಲಿನ ಪ್ರೀತಿಯಿಂದಲೇ ಮಾಡಿದ್ದು. ಮೂಲ ಬರಹ ಅವರ ಕೈಬರಹದಲ್ಲಿದ್ದ ಹಾಗೇ ಹೊರಬಂದದ್ದು 1956ರಲ್ಲಿ. ಕ್ಯಾಮೆರಾ ಇದ್ದ ಕಾಲದ ಸಂತರನ್ನೇ ಹೀಗೆ ನುಣುಪು ಮಾಡಿದರೆ, ಸಾವಿರ ವರ್ಷ ಹಿಂದಿನವರ ಕಥೆ ಏನಾಗಿರಬಹುದು ಯೋಚಿಸಿ. ಆದ್ದರಿಂದ ಓದುವಾಗ ಹಳೆಯ ಸಂಕ್ಷಿಪ್ತ ಆವೃತ್ತಿ ಬೇಡ, ಮೂಲ ಬರಹದಿಂದ ಮಾಡಿದ ಅನುವಾದ ಹುಡುಕಿ. ಮುನ್ನುಡಿಯಲ್ಲಿ ಅದನ್ನು ಹೇಳಿರುತ್ತಾರೆ.

ತೆರೇಸಾ ಬೇಡ ಅನಿಸಿದರೆ ಅವರ ತಂದೆ ತಾಯಿ ಇದ್ದಾರೆ. ಗಡಿಯಾರ ರಿಪೇರಿ ಮಾಡುತ್ತಿದ್ದ ಲೂಯಿ, ಲೇಸ್ ಹೆಣೆಸುವ ವ್ಯಾಪಾರ ನಡೆಸುತ್ತಿದ್ದ ಝೆಲಿ. ಒಂಬತ್ತು ಮಕ್ಕಳಲ್ಲಿ ನಾಲ್ವರನ್ನು ಚಿಕ್ಕಂದಿನಲ್ಲೇ ಕಳೆದುಕೊಂಡರು. 2015ರಲ್ಲಿ ದಂಪತಿಗೆ ಒಟ್ಟಿಗೇ ಸಂತ ಪದವಿ ಸಿಕ್ಕಿತು. ಝೆಲಿಯ ಕಾಗದಗಳಲ್ಲಿ ಆರ್ಡರು, ಸುಸ್ತು, ಮಕ್ಕಳ ಜ್ವರ, ದೇವರು ಎಲ್ಲ ಒಂದೇ ಪುಟದಲ್ಲಿ ಬರುತ್ತಾರೆ. ಕೆಲಸಕ್ಕೆ ಹೋಗುವ ತಾಯಂದಿರು ಅವರನ್ನು ಬೇಗ ಹಚ್ಚಿಕೊಳ್ಳುವುದನ್ನು ನೋಡಿದ್ದೇನೆ.

ನಮ್ಮ ಕಡೆಯವರೇ ಬೇಕು ಎಂದರೆ ಸಂತ ಜೋಸೆಫ್ ವಾಜ್. ಗೋವೆಯವರು, 1681ರಿಂದ ಮೂರು ವರ್ಷ ಕೆನರಾದಲ್ಲಿ, ಅಂದರೆ ನಮ್ಮ ಕರಾವಳಿಯಲ್ಲಿ, ಸೇವೆ ಮಾಡಿದವರು. ಮಂಗಳೂರು ಹತ್ತಿರದ ಮುಡಿಪುವಿನಲ್ಲಿ ಅವರು ಕೋಲಿನಿಂದ ಬಡಿದಾಗ ನೀರು ಉಕ್ಕಿತು ಎಂದು ಜನ ಹೇಳುತ್ತಾರೆ, ಇವತ್ತಿಗೂ ಅಲ್ಲಿಗೆ ಯಾತ್ರೆ ಹೋಗುತ್ತಾರೆ. ಆ ಕಥೆ ಜನರ ಪ್ರೀತಿಯಿಂದ ಬಂದದ್ದು, ಇರಲಿ. ನನ್ನನ್ನು ಹಿಡಿದು ನಿಲ್ಲಿಸುವುದು ದಾಖಲೆಯಲ್ಲಿರುವ ಅವರ ಬದುಕು. ಡಚ್ಚರು ಕೆಥೋಲಿಕ್ ಗುರುಗಳನ್ನು ನಿಷೇಧಿಸಿದ್ದ ಶ್ರೀಲಂಕಾಗೆ 1687ರಲ್ಲಿ ಕೂಲಿಯವನ ವೇಷದಲ್ಲಿ ಹೋದರು. ಇಳಿದ ಹೊತ್ತಿಗೇ ಆಮಶಂಕೆ ಹಿಡಿದು ನೆಲಕಚ್ಚಿದರು. ಯಾರು ಕೆಥೋಲಿಕರೋ ಗೊತ್ತಿಲ್ಲ, ಕೇಳುವಂತೆಯೂ ಇಲ್ಲ. ಕೊರಳಿಗೆ ದೊಡ್ಡ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಅದನ್ನು ಕಂಡು ಯಾರ ಕಣ್ಣು ಅರಳುತ್ತದೋ ಅವರು ನಮ್ಮವರು. ಕ್ಯಾಂಡಿಯಲ್ಲಿ ಗೂಢಚಾರನೆಂದು ಸೆರೆಗೆ ಹಾಕಿದರು. 1697ರಲ್ಲಿ ಸಿಡುಬು ಬಂದಾಗ, ಜನ ಬಿಟ್ಟು ಓಡಿದ ರೋಗಿಗಳನ್ನು ಇವರು ನೋಡಿಕೊಂಡರು. 1711ರ ಜನವರಿ 16ರಂದು ಅಲ್ಲೇ ತೀರಿಕೊಂಡರು. ಪೋಪ್ ಫ್ರಾನ್ಸಿಸ್ 2015ರಲ್ಲಿ ಕೊಲಂಬೊದಲ್ಲಿ ಅವರಿಗೆ ಸಂತ ಪದವಿ ಕೊಟ್ಟಾಗ ಸಾಮಾನ್ಯವಾಗಿ ಬೇಕಾಗುವ ಎರಡನೇ ಪವಾಡದ ಪುರಾವೆಯನ್ನೂ ಕೇಳಲಿಲ್ಲ.

ಪವಾಡದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ವ್ಯಾಟಿಕನ್ ಸುಮ್ನೆ ಯಾರನ್ನೋ ಸಂತರನ್ನಾಗಿ ಮಾಡುತ್ತದೆ ಎಂಬ ಮಾತು ಸರಿಯಲ್ಲ. ಸಾಮಾನ್ಯವಾಗಿ ತೀರಿಕೊಂಡು ಐದು ವರ್ಷ ಕಳೆಯಬೇಕು. ಆಮೇಲೆ ಸಾಕ್ಷಿಗಳ ವಿಚಾರಣೆ, ಬರಹಗಳ ಪರಿಶೀಲನೆ, ವೈದ್ಯರ ಮಂಡಳಿ ಎಲ್ಲ ದಾಟಬೇಕು. ಆ ವಿಚಾರಣೆಯಲ್ಲಿ ಸಿಟ್ಟು, ಹಟ, ಸೋಲು ಕೂಡ ದಾಖಲಾಗುತ್ತವೆ.

ಅತ್ತಿಗೆಯವರ ಆಕ್ಷೇಪಕ್ಕೆ ಜಗಳ ಬೇಕಾಗಿಲ್ಲ. ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಗೌರವ ಎಂದು 787ರಲ್ಲಿ ಬಿಷಪರು ಸೇರಿದ ನೈಸಿಯಾ ಮಹಾಸಭೆಯೇ ಗೆರೆ ಎಳೆದಿದೆ. ನಮ್ಮ ಜಾತ್ರೆಗಳಲ್ಲಿ ಆ ಗೆರೆ ಕೆಲವೊಮ್ಮೆ ಮಸುಕಾಗುತ್ತದೆ, ಒಪ್ಪಿಕೊಳ್ಳೋಣ. ಮೇಣದಬತ್ತಿ ಹಚ್ಚಿದೆ, ಇನ್ನು ಕೆಲಸ ಆಗಲೇಬೇಕು ಎಂಬ ವ್ಯವಹಾರ, ಒಂಬತ್ತು ಜನರಿಗೆ ಕಳಿಸದಿದ್ದರೆ ಕೆಡುಕಾಗುತ್ತದೆ ಎನ್ನುವ ವಾಟ್ಸಾಪ್ ನೊವೇನಾ ಪ್ರಾರ್ಥನೆ, ಇವನ್ನು ಅವರು ಬೈದರೆ ನಾನೂ ಅವರ ಪಕ್ಷವೇ. ಸಂತರಲ್ಲಿ ಬೇಡಿಕೊಳ್ಳುವ ವಿಷಯದಲ್ಲಿ ನಮಗೂ ಅವರಿಗೂ ಭಿನ್ನಾಭಿಪ್ರಾಯ ಇದೆ, ಇರುತ್ತದೆ. ಆದರೆ ನೀವು ಕೇಳುತ್ತಿರುವುದು ಸಂತರ ಬದುಕಿನಿಂದ ಪ್ರೇರಣೆ ಪಡೆಯುವುದರ ಬಗ್ಗೆ. ಪ್ರಾಟೆಸ್ಟಂಟರಲ್ಲೇ ಒಂದು ಪಂಗಡವಾದ ಲೂಥರನ್ನರ 1530ರ ಆಗ್ಸ್‌ಬರ್ಗ್ ವಿಶ್ವಾಸ ಪತ್ರ ಕೂಡ, ಸಂತರನ್ನು ನೆನೆದು ಅವರ ವಿಶ್ವಾಸವನ್ನು ಅನುಸರಿಸಬಹುದು ಎನ್ನುತ್ತದೆ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯವನ್ನು ಅವರ ಸತ್ಯವೇದದಲ್ಲೇ ಒಟ್ಟಿಗೆ ಓದಿ. ಅಬ್ರಹಾಮ, ಸಾರಾ, ರಾಹಾಬ ಎಂದು ಹೆಸರು ಹಿಡಿದು ಕರೆಯುವ ಆ ಅಧ್ಯಾಯ ಇಬ್ಬರಿಗೂ ಸೇರಿದ್ದು.

ಹಾಗಾದರೆ ಮುಂದೇನು? ಹತ್ತು ಸಂತರನ್ನು ಓದಬೇಡಿ, ಒಬ್ಬರನ್ನು ಹಿಡಿಯಿರಿ, ಒಂದು ವರ್ಷ ಅವರ ಜೊತೆಗಿರಿ. ಅವರ ಬಗ್ಗೆ ಇತರರು ಬರೆದದ್ದಕ್ಕಿಂತ ಅವರೇ ಬರೆದದ್ದು, ಕಾಗದಗಳಿದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ ಒಂದೆರಡು ಪುಟ ಸಾಕು, ಮಾವನ ಔಷಧಿಗೂ ಮಕ್ಕಳ ಟಿಫಿನ್ನಿಗೂ ಮಧ್ಯೆ. ಎಲ್ಲಿ ಅವರು ಸೋತರು, ಮರುದಿನ ಬೆಳಗ್ಗೆ ಏನು ಮಾಡಿದರು ಎಂಬಲ್ಲಿ ಗುರುತು ಹಾಕಿಕೊಳ್ಳಿ. ಅವರ ಉಪವಾಸ, ದಂಡನೆಗಳನ್ನು ಅನುಸರಿಸಲು ಹೋಗಬೇಡಿ. ಸಿಯೆನ್ನಾದ ಕ್ಯಾಥರೀನಮ್ಮ ಊಟವನ್ನೇ ಬಿಡುತ್ತಾ ಬಂದು 1380ರಲ್ಲಿ 33ನೇ ವಯಸ್ಸಿಗೆ ತೀರಿಕೊಂಡರು. ಅವರು ಸಂತರಾದದ್ದು ಅವರ ಪ್ರೀತಿ ಮತ್ತು ಧೈರ್ಯದಿಂದ. ಇನ್ನು ಕೆಲವು ಚರಿತ್ರೆಗಳನ್ನು ಹೆಂಗಸರ ಮೇಲೆ ಭಾರವಾಗಿ ಹೊರಿಸುತ್ತಾರೆ. ಮೋನಿಕಮ್ಮ ಕೋಪಿಷ್ಠ ಗಂಡನನ್ನು ಸಹಿಸಿಕೊಂಡರು, ರೀತಮ್ಮ ಸಹಿಸಿಕೊಂಡರು, ನೀನೂ ಸಹಿಸಿಕೋ ಎಂದು. ಹೊಡೆಯುವ ಗಂಡನ ಜೊತೆ ಇರು ಎಂದು ಯಾವ ಸಂತರ ಹೆಸರಲ್ಲೂ ಯಾರಿಗೂ ಹೇಳುವ ಹಕ್ಕಿಲ್ಲ. ಇದು ನಿಮಗೆ ಹೇಳಿದ್ದಲ್ಲ, ಇದನ್ನು ಓದುವ ಇನ್ನಾರಿಗೋ ಬೇಕಾಗಬಹುದು.

ಸದ್ಯಕ್ಕೆ ಯಾವ ಸಂತರೂ ಬೇಡ ಅನಿಸಿದರೆ ಅದೂ ಸರಿಯೇ. ಮಾರ್ಕನ ಶುಭಸಂದೇಶ ಓದಿ, ಚಿಕ್ಕದು. ಸಂತರ ಹತ್ತಿರ ಆಮೇಲೆ ಬರಬಹುದು.

ಒಂದು ವಿಷಯ ಮಾತ್ರ ಮುಂದೂಡಬೇಡಿ. ಎಲ್ಲ ಒಣಗುವಿಕೆಯೂ ತೆರೇಸಾ ಕಂಡ ಕತ್ತಲಲ್ಲ. ನಿದ್ದೆ ಸರಿಯಿಲ್ಲ, ಹಸಿವಿಲ್ಲ, ಪ್ರಾರ್ಥನೆ ಮಾತ್ರವಲ್ಲ ಮಕ್ಕಳ ನಗುವೂ ಖುಷಿ ಕೊಡುತ್ತಿಲ್ಲ ಎನ್ನುವ ಸ್ಥಿತಿ ಎರಡು ವಾರ ಮೀರಿದ್ದರೆ ಡಾಕ್ಟರ ಹತ್ತಿರ ಹೋಗಿ. ಹಗಲು ಶಾಲೆ, ರಾತ್ರಿ ರೋಗಿಯ ಸೇವೆ ಎಂದು ದಣಿದ ಮೈಗೆ ರಕ್ತಹೀನತೆ, ಥೈರಾಯ್ಡ್, ಖಿನ್ನತೆ ಯಾವುದೂ ಬರಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಾತ್ರೆ ತಗೊಂಡರೆ ವಿಶ್ವಾಸ ಕಡಿಮೆ ಎಂದಾಗುವುದಿಲ್ಲ. ಮಾವನನ್ನು ನೋಡಿಕೊಳ್ಳುವುದರಲ್ಲಿ ವಾರಕ್ಕೆ ಒಂದು ದಿನವಾದರೂ ಇನ್ನೊಬ್ಬರು ಕೈಜೋಡಿಸಲಿ ಎಂದು ಮನೆಯಲ್ಲಿ ಬಾಯಿಬಿಟ್ಟು ಕೇಳಿ.

ಹಾಗೆಯೇ ಈ ಮಾತನ್ನು ನಿಮ್ಮ ಧರ್ಮಕೇಂದ್ರದ ಗುರುಗಳ ಹತ್ತಿರ, ಇಲ್ಲವೇ ನಿಮಗೆ ಸಲಿಗೆ ಇರುವ ಸಿಸ್ಟರ್ ಹತ್ತಿರ ಆಡಿ. ಶನಿವಾರ ಸಂಜೆ ಪಾಪನಿವೇದನೆಯ ಸಾಲಿನಲ್ಲಿ ನಿಂತು ಹೇಳಲು ಹೋಗಬೇಡಿ, ಹಿಂದೆ ಹತ್ತು ಜನ ಕಾಯುತ್ತಿರುತ್ತಾರೆ. ಬೇರೆ ದಿನ ಅರ್ಧ ಗಂಟೆ ಬಿಡುವು ಕೇಳಿ. ಹೋಗುವಾಗ ನನಗೆ ಬರೆದ ಈ ಪತ್ರವನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಹೇಗೆ ಶುರು ಮಾಡಲಿ ಎಂದು ತಡವರಿಸಬೇಕಾಗಿ ಬರುವುದಿಲ್ಲ.